ಸ್ವಾಮಿಗಳು ಬರುವುದಿಲ್ಲ ಅಂದೆ

ಅಕ್ಕ, ಭಾವನ ಚರ್ಚಿನ ಸ್ವಾಮಿಗಳು ಬರುವುದಿಲ್ಲ ಅಂದರು ಎಂದು ಅವತ್ತು ನಾನು ಹೇಳಿದ್ದು ಸುಳ್ಳು. ನಾನು ಅವರನ್ನು ಕರೆಯಲೇ ಇಲ್ಲ. ಅವರ ಮುಂದೆ ಹೋಗಿ ನಿಂತೆ, ಮಾತಾಡಿದೆ, ಕೈಮುಗಿದೆ — ಭಾವ ಸಾಯುತ್ತಿದ್ದಾರೆ ಎಂಬ ಒಂದು ಮಾತನ್ನು ಮಾತ್ರ ಬಾಯಿಂದ ಹೊರಗೆ ಬಿಡದೆ ತಿರುಗಿ ಬಂದೆ.

ಹೇಳಿಬಿಟ್ಟೆ. ಆದರೆ ಇದು ಬಂಗಾರಪೇಟೆಯ ನನ್ನ ಮನೆಯಲ್ಲಿ, ಬಾಗಿಲು ಹಾಕಿಕೊಂಡು ನನ್ನಷ್ಟಕ್ಕೆ ಹೇಳಿಕೊಂಡದ್ದು. ನಾಳೆ ನಂದಿದುರ್ಗದ ಗಣಿ ಕೆಲಸಗಾರರ ಲೈನಿನಲ್ಲಿ, ನಿನ್ನ ಮನೆಯಲ್ಲಿ, ನಿನ್ನ ಮುಖ ನೋಡಿಕೊಂಡು ಹೇಳಬೇಕು. ನಾಲಿಗೆ ಎಲ್ಲಿ ಕೈಕೊಡುತ್ತದೋ ಎಂಬ ಭಯ. ಚರ್ಚಿನಲ್ಲಿ ಪ್ರಸಂಗ ಮಾಡಿ ಮಾಡಿ ಪಳಗಿದ ನಾಲಿಗೆ ಇದು, ಎಲ್ಲಿ ಬೇಕಾದರೂ ಜಾರಿಕೊಳ್ಳುತ್ತದೆ. ಅದಕ್ಕೇ ಮೊದಲು ಇಲ್ಲಿ, ಒಂದೊಂದಾಗಿ, ಜಾರದ ಹಾಗೆ ಹೇಳಿ ನೋಡುತ್ತಿದ್ದೇನೆ.

ನಾಳೆಯೇ ಯಾಕೆ ಎಂದರೆ — ನಾಳೆ ಆಚೆ ಗಣಿ ಲೈನಾದ ಕೋರಮಂಡಲ್‌ನಿಂದ ಆ ಹುಡುಗ ಅಂತೋಣಿಯ ಅಪ್ಪ ಅಮ್ಮ ನಿನ್ನ ಮಗಳು ರೂತಳನ್ನು ಕೇಳಲು ಬರುತ್ತಿದ್ದಾರೆ. ಹುಡುಗನನ್ನು ನೀನು ಒಳ್ಳೆಯವನೆಂದೇ ಹೇಳುತ್ತೀಯ. ಆದರೆ ಅವನು ಕ್ಯಾಥೊಲಿಕ್. ಮೊನ್ನೆ ಅಕ್ಕಿ ಆರಿಸುತ್ತಾ ನನಗೆ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನನ್ನ ಗಂಡ ಸಾಯೋ ವತ್ತಲ್ಲಿ ಬಾಗ್ಲು ಆಕ್ಕೊಂಡ ಜನ ಅವ್ರು, ಸಾಮು. ಆ ಮನೆಗೆ ನನ್ನ ಮಗಳ್ನ ಕೊಡಾಕಿಲ್ಲ. ಬರ್ಲಿ ಅವ್ರು, ಮೊಕದ್ ಮ್ಯಾಲೇ ಏಳ್ತೀನಿ."

ರೂತ್ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಸದ್ದು ನಿಂತುಹೋಯಿತು. ಇದನ್ನು ಹೇಳಲೇಬೇಕು ಎಂದು ನನಗೆ ಗೊತ್ತಾದದ್ದು ಆಗ.

ನಿನಗೆ ಗೊತ್ತಿರುವುದೇ, ಆದರೂ ಮೊದಲಿನಿಂದ ಹೇಳದಿದ್ದರೆ ನನಗೆ ಮುಂದಿನದು ಬಾಯಿಗೆ ಬರುವುದಿಲ್ಲ. ನಾವು ಪ್ರಾಟೆಸ್ಟೆಂಟರು, ಇನ್ನಾಸಪ್ಪ ಭಾವ ಕ್ಯಾಥೊಲಿಕರು. ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸುತ್ತೇವೆಂದು ಮಾತು ಕೊಟ್ಟರೇನೇ ಅವರ ಚರ್ಚಿನಲ್ಲಿ ಮದುವೆ ಎಂದರು. ಅಪ್ಪ ಸುತರಾಂ ಒಪ್ಪಲಿಲ್ಲ. ಭಾವ ನಮ್ಮ ಚರ್ಚಿಗೇ ಬಂದು ನಿನಗೆ ತಾಳಿ ಕಟ್ಟಿದರು. ಅಂದಿನಿಂದ ಅವರ ಚರ್ಚಿನಲ್ಲಿ ಅವರಿಗೆ ಸ್ವಾಮಿಗಳ ಮುಂದೆ ಪಾಪನಿವೇದನೆಯಿಲ್ಲ, ಪ್ರಸಾದವಿಲ್ಲ. ಆದರೂ ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಹೊರಡುತ್ತಿದ್ದರು. ಬಾಗಿಲ ಹತ್ತಿರ ಹಿಂದುಗಡೆ ನಿಂತುಕೊಂಡು, ಉಳಿದವರು ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುವುದನ್ನು ನೋಡಿ ಮನೆಗೆ ಬರುತ್ತಿದ್ದರು. ಒಂದು ದಿನವೂ ನಿನ್ನ ಮೇಲೆ ಸಿಡುಕಿದವರಲ್ಲ.

ನಾನು ಆಗಷ್ಟೇ ಉಪದೇಶಿಯಾಗಿದ್ದೆ. ಬೆಳಗಿನ ಗಾಡಿಗೆ ಬಂಗಾರಪೇಟೆಯಿಂದ ಬಂದು, ಗಣಿ ಲೈನುಗಳಲ್ಲಿ ಮನೆಮನೆ ಪ್ರಾರ್ಥನೆ ನಡೆಸಿ, ಸಂಜೆ ನಿನ್ನ ಕೈಯ ಮುದ್ದೆ ಉಂಡು ಹೋಗುತ್ತಿದ್ದೆ. ಮುದ್ದೆಗಿಂತ ನನಗೆ ಭಾವನ ಜೊತೆಗಿನ ವಾದವೇ ರುಚಿ. ಮನುಷ್ಯ ದೇವರ ಮುಂದೆ ನೀತಿವಂತ ಎನಿಸಿಕೊಳ್ಳುವುದು ನಂಬಿಕೆಯೊಂದರಿಂದಲೇ, ಉಪವಾಸ ಜಪಮಾಲೆಗಳಿಂದಲ್ಲ, ಯಾವ ಸ್ವಾಮಿಯ ಕೈಯಿಂದಲೂ ಅಲ್ಲ — ಇದು ನನ್ನ ಪಾಠ. ಕೃಪೆ ದೇವರದು ಎಂಬುದರಲ್ಲಿ ಭಾವನಿಗೂ ತಕರಾರಿರಲಿಲ್ಲ. ಆದರೆ ಆ ಕೃಪೆ ಒಳಗೆ ಇಳಿದು ಮನುಷ್ಯನನ್ನು ಬದಲಾಯಿಸಬೇಕು, ನಂಬಿಕೆ ಪ್ರೀತಿಯಾಗಿ ಕೆಲಸ ಮಾಡಬೇಕು, ಎಡವಿದಾಗ ಹೋಗಿ ಹೇಳಿಕೊಂಡು ಮತ್ತೆ ಸರಿಯಾಗಬೇಕು ಎನ್ನುತ್ತಿದ್ದರು. ಒಂದು ಸಂಜೆ ಅವರನ್ನು ಅವರ ಕಸುಬಿನಲ್ಲೇ ಹಿಡಿದು ಹಾಕಲು ನೋಡಿದೆ.

"ಭಾವ, ಗಣಿಯಿಂದ ಮೇಲಕ್ಕೆ ನೀವೇ ಹತ್ತಿ ಬರ್ತೀರಾ? ಕಬ್ಬಿಣದ ಕೇಜಲ್ಲಿ ನಿಂತ್ಕೊಳ್ತೀರಿ, ಮೇಲಿನವರು ಎಳೀತಾರೆ. ನಂಬಿಕೆ ಅಂದ್ರೆ ಅಷ್ಟೇ, ನಿಂತ್ಕೊಳ್ಳೋದು."

"ಎಳೆಯೋನು ಮೇಲ್ನೋನೇ, ಅದ್ ಸರಿ ಕಣ್ಲಾ," ಅಂದರು ಭಾವ. "ಆದ್ರೆ ಕೆಳಗಡೆ ಎಳೀರಿ ಅಂತ ಗಂಟೆ ಒಡೆಯಾಕೆ ಒಬ್ಬನ್ನ ಮಡಗವ್ರಲ್ಲಾ, ಅವನ್ಯಾಕೆ?"

"ದೇವರಿಗೆ ಗಂಟೆ ಬೇಕಾಗಿಲ್ಲ ಭಾವ."

"ದ್ಯಾವ್ರಿಗೆ ಬ್ಯಾಡ. ನನಗ್ ಬೇಕು."

ನೀನು ಒಲೆ ಮುಂದೆ ಕೂತು ನಕ್ಕೆ. ನಾನೂ ನಕ್ಕೆ, ಆದರೆ ಒಳಗೊಳಗೇ ಉರಿದುಕೊಂಡೆ. ಯಾಕೆಂದರೆ ಊರೂರು ತಿರುಗಿ ಗಂಟಲು ಹರಿದುಕೊಂಡರೂ ಅಲ್ಲಿಯವರೆಗೆ ಒಬ್ಬನೇ ಒಬ್ಬನನ್ನೂ ನಾನು ನಮ್ಮ ನಂಬಿಕೆಗೆ ಒಲಿಸಿಕೊಂಡಿರಲಿಲ್ಲ. ನನ್ನ ಮೊದಲ ಗೆಲುವು ಭಾವನೇ ಆಗಬೇಕು ಎಂಬ ಹಟ ಹುಟ್ಟಿದ್ದು ಅಂಥ ಸಂಜೆಗಳಲ್ಲೇ. ಅದನ್ನು ಭಕ್ತಿ ಎಂದುಕೊಂಡಿದ್ದೆ.

ಆಮೇಲೆ ಗಣಿಯ ಧೂಳು ಭಾವನ ಎದೆಯಲ್ಲಿ ಕೂತಿತು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಸಿಗೆಯಲ್ಲಿ ಒರಗಿಸಿದರೂ ಉಸಿರಿಲ್ಲ, ಕೂರಿಸಿದರೂ ಉಸಿರಿಲ್ಲ. ಆ ಮಧ್ಯಾಹ್ನ ನನ್ನ ಮುಂಗೈ ಹಿಡಿದುಕೊಂಡು ಅಂದರು: "ಸಾಮು, ಸ್ವಾಮ್ಯೋರ್ನ ಕರ್ಕಂಡ್ ಬಾರೋ. ಎಲ್ಲಾ ಏಳ್ಕಂತೀನಿ. ಎಣ್ಣೆ ಅಚ್ಲಿ." ಸಾಯುವವರ ಪಾಪನಿವೇದನೆ ಕೇಳಿ, ಹಣೆಗೆ ಎಣ್ಣೆ ಹಚ್ಚಿ, ಪ್ರಸಾದ ಕೊಟ್ಟು ಕಳಿಸುವುದು ಅವರ ಪದ್ಧತಿ. ಅಂಥ ಹೊತ್ತಿನಲ್ಲಿ ಮದುವೆಯ ಅಡ್ಡಿಯನ್ನೂ ಸ್ವಾಮಿಗಳೇ ನಿವಾರಿಸಬಹುದಂತೆ. ನೀನು, ನಮ್ಮ ಚರ್ಚಿನಲ್ಲೇ ಹುಟ್ಟಿ ಬೆಳೆದವಳು, ಒಂದು ಕ್ಷಣ ಯೋಚಿಸಲಿಲ್ಲ. "ಓಗೋ, ಬೇಗ ಓಗು. ಅವರ್ದು ಅವರಿಗ್ ಆಗ್ಲಿ" ಎಂದು ನೀನೇ ಸೈಕಲ್ ಹೊರಗೆ ತಂದು ನಿಲ್ಲಿಸಿದೆ.

ನಾನು ಹೋದೆ. ಹೋಗಲಿಲ್ಲ ಎಂದು ಹೇಳಲಾರೆ — ಹೋಗದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಆ ಮುದಿ ಸ್ವಾಮಿಗಳು ಚರ್ಚಿನ ಹಿಂದೆ ಅವರೆ ಬಳ್ಳಿಗೆ ಕಡ್ಡಿ ನೆಡುತ್ತಿದ್ದರು. ನನ್ನನ್ನು ನೋಡಿದವರೇ ಕೈಯ ಮಣ್ಣು ಕೊಡವಿಕೊಂಡರು.

"ಇನ್ನಾಸಪ್ಪನ ಭಾಮೈದ ಅಲ್ವೇನಪ್ಪಾ? ಹೇಗಿದ್ದಾನೆ ಅವನು?"

ಇಲ್ಲಿ, ಅಕ್ಕ, ಇಲ್ಲಿ ನಾನು ಎಷ್ಟು ಸಲ ನಿಂತಿದ್ದೇನೋ. ರೈಲಿನಲ್ಲಿ, ಸ್ನಾನ ಮಾಡುವಾಗ, ಪ್ರಾರ್ಥನೆಯ ನಡುವೆ. ಪ್ರತಿ ಸಲವೂ ಸರಿಯಾದ ಉತ್ತರ ಕೊಡುತ್ತೇನೆ. ಆ ದಿನ ಕೊಟ್ಟ ಉತ್ತರ ಇದು: "ಪರವಾಗಿಲ್ಲ ಸ್ವಾಮಿ. ಸುಧಾರಿಸ್ತಾ ಇದ್ದಾರೆ."

ಅವರ ಮುಖ ಅರಳಿತು. "ದೇವರು ದೊಡ್ಡವನು. ಒಂದು ಮಾತು ಹೇಳಿ ಕಳಿಸಿದ್ರೆ ಯಾವ ಹೊತ್ತಾದ್ರೂ ಬರ್ತೀನಿ ಅಂತ ಹೇಳಪ್ಪಾ. ಮದುವೆ ವಿಷಯ ತಲೆಗೆ ಹಚ್ಕೋಬೇಡ ಅನ್ನು, ನೋಡ್ಕೊಳ್ಳೋಣ."

"ಹೇಳ್ತೀನಿ" ಅಂದೆ. ಸೈಕಲ್ ಹತ್ತಿದೆ.

ಯಾಕೆ? ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡ ಕಾರಣ ಸೊಗಸಾಗಿತ್ತು — ಎಣ್ಣೆಯ ಮೇಲೆ, ಮನುಷ್ಯನ ಮೇಲೆ ಭರವಸೆಯಿಟ್ಟು ಭಾವ ಕಣ್ಣು ಮುಚ್ಚಬಾರದು, ನಂಬಿಕೆಯೊಂದನ್ನೇ ಹಿಡಿದು ಹೋಗಲಿ, ಅವರ ಆತ್ಮ ಉಳಿಯಲಿ. ಅದರ ಕೆಳಗೆ ಇನ್ನೊಂದಿತ್ತು. ಇನ್ನೇನು ಕೈಗೆ ಬಂದದ್ದನ್ನು ಆ ಮುದುಕ ಬಂದು ಒಂದು ಗಳಿಗೆಯಲ್ಲಿ ಎತ್ತಿಕೊಂಡು ಹೋಗಿಬಿಡುತ್ತಾನಲ್ಲ ಎಂಬ ಹೊಟ್ಟೆಕಿಚ್ಚು. ಯಾವುದು ಎಷ್ಟಿತ್ತು ಎಂದು ಅಳೆಯಲು ಹೋಗುವುದಿಲ್ಲ. ಅಳೆದರೆ ನನ್ನ ಕಡೆಗೇ ತೂಕ ಹಾಕಿಕೊಳ್ಳುತ್ತೇನೆ.

ಮನೆಗೆ ಬಂದು, ಬಾಗಿಲಲ್ಲೇ ನಿಂತು, ಹೇಳಿದೆ: "ಬರಲ್ಲ ಅಂದ್ರು ಭಾವ."

ಇಲ್ಲ ಎಂದಿದ್ದರೆ ಸಾಕಾಗುತ್ತಿತ್ತು. ಊರಿನಲ್ಲಿಲ್ಲ, ಎಲ್ಲೋ ಹೋಗಿದ್ದಾರೆ — ಅಷ್ಟು ಸುಳ್ಳಿನಲ್ಲೇ ನನ್ನ ಕೆಲಸ ಆಗುತ್ತಿತ್ತು. ಆದರೆ ಭಾವ ಆ ಸ್ವಾಮಿಗಳ ಮೇಲಿನ ಆಸೆಯನ್ನೇ ಬಿಡಬೇಕಿತ್ತು ನನಗೆ. ಅದಕ್ಕೇ ಬರಲ್ಲ ಅಂದರು ಎಂದೆ.

ಆಗ ನೀನು ಕೇಳಿದೆ, ಬಹಳ ಮೆತ್ತಗೆ: "ನನ್ ಕಟ್ಕಂಡಿದ್ಕಾ?"

ನಾನು ಸುಮ್ಮನಿದ್ದೆ. ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ನನ್ನ ಮೌನವನ್ನು ನೀನು ಏನೆಂದು ತಿಳಿದುಕೊಂಡೆ ಎಂಬುದು ನಿನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು, ಆದರೂ ಸುಮ್ಮನಿದ್ದೆ. ನೀನು ಸೆರಗಿನಿಂದ ಬಾಯಿ ಒತ್ತಿಕೊಂಡು ಅಡುಗೆಮನೆಗೆ ಹೋದೆ. ನನ್ನನ್ನು ಮದುವೆಯಾಗಿ ಅವರಿಗೆ ಸಾಯುವಾಗಲೂ ನೆಮ್ಮದಿ ಇಲ್ಲದ ಹಾಗಾಯಿತು ಎಂದು ಇಷ್ಟು ವರ್ಷ ನೀನು ಕೊರಗಿದೆಯಲ್ಲ, ಆ ಕೊರಗನ್ನು ನಿನ್ನ ತಲೆಗೆ ಕಟ್ಟಿದವನು ನಿನ್ನ ತಮ್ಮ.

ನೀನು ಒಳಗಿದ್ದಾಗ ಏನಾಯಿತೆಂದು ನಿನಗೆ ಗೊತ್ತಿಲ್ಲ. ಭಾವ ಕಣ್ಣೊರೆಸಿಕೊಂಡು, "ಅಂಗಾದ್ರೆ ನೀನೇ ಕೇಳ್ಕೊಳ್ಳೋ ಸಾಮು. ಯಾರಾದ್ರೂ ಒಬ್ರು ಕೇಳ್ಬೇಕು" ಅಂದರು. ಉಸಿರು ಎಳೆದು ಎಳೆದು ಶುರುಮಾಡಿದರು. "ಆವತ್ತು ಕೆಳಗೆ ಬಂಡೆ ಸಿಡೀತಲ್ಲ… ಜೊತೇಲಿದ್ದ ಮುನಿಸಾಮಿ ಕೂಗ್ತಿದ್ದ… ನಾನು…"

ನಾನು ಕೈ ಅಡ್ಡ ಹಿಡಿದೆ. "ನನಗೆ ಹೇಳಬೇಡಿ ಭಾವ. ನಮ್ಮಲ್ಲಿ ಮನುಷ್ಯರಿಗೆ ಹೇಳ್ಕೊಳ್ಳೋದಿಲ್ಲ. ನೇರವಾಗಿ ದೇವರಿಗೆ ಹೇಳಿ. ನಂಬಿ, ಅಷ್ಟು ಸಾಕು."

ಕೇಳಿಸಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನೇ ಕೇಳಿದ್ದರೆ, ಕೇಳಿಸಿಕೋ ಎನ್ನುತ್ತಿದ್ದರು. ನಮ್ಮ ಬೋಧನೆ ಯಾರ ಕಿವಿಯನ್ನೂ ಮುಚ್ಚಿಸಿಲ್ಲ. ಮುಚ್ಚಿಕೊಂಡವನು ನಾನು.

ಭಾವ ನನ್ನನ್ನೇ ನೋಡಿದರು. "ಸ್ವಾಮ್ಯೋರೇ ಬರಾಕಿಲ್ಲ ಅಂದ್ಮ್ಯಾಲೆ ದ್ಯಾವ್ರು ಬತ್ತಾನೇನ್ಲಾ?" ಅಂದರು. ಗೋಡೆಯ ಕಡೆ ತಿರುಗಿಕೊಂಡರು. ಸಂಜೆ ಪಾಳಿಯ ಸೈರನ್ ಆಗುವ ಹೊತ್ತಿಗೆ ಮುಗಿದುಹೋಗಿತ್ತು. ಅವರು ಹೆದರಿಕೊಂಡೇ ಹೋದರು ಅಕ್ಕ. ನೆಮ್ಮದಿಯಾಗಿ ಹೋದರು ಎಂದು ನಿನಗೆ ಹೇಳಿದ್ದೂ ಸುಳ್ಳೇ.

ನಮ್ಮ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಹಾಡು ಎತ್ತಿಕೊಟ್ಟವನು ನಾನು. ಆ ಮುದಿ ಸ್ವಾಮಿಗಳು ಸುದ್ದಿ ತಿಳಿದು ಬಂದು, ಕಾಂಪೌಂಡಿನ ಆಚೆ ಬಿಸಿಲಿನಲ್ಲಿ ನಿಂತಿದ್ದರು. "ಜೀವ ಇದ್ದಾಗ ಬರ್ದೋರು ಈಗ್ಯಾಕ್ ಬಂದ್ರು?" ಎಂದು ನೀನು ಅವರಿಗೆ ಬೆನ್ನು ಮಾಡಿ ನಿಂತೆ. ಅವರು ನನ್ನನ್ನು ನೋಡಿದರು, ನಿನ್ನೆಯಷ್ಟೇ ಸುಧಾರಿಸುತ್ತಿದ್ದಾರೆ ಎಂದಿದ್ದೆಯಲ್ಲ ಎಂಬ ಹಾಗೆ. ಹಾಡಿನ ಸಾಲು ತಪ್ಪಿದೆ. ಆಮೇಲೆ ಎಷ್ಟೋ ದಿನ ಬೀದಿಯಲ್ಲಿ ಬಿಳಿ ನಿಲುವಂಗಿ ಕಂಡರೆ ಸಂದಿಗೆ ನುಗ್ಗುತ್ತಿದ್ದೆ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಊಟ ಸೇರುತ್ತಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಬೇರೆ ಊರಿಗೆ ವರ್ಗವಾಗಿ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿದ ದಿನ ನನಗೆ ಹಗುರವಾಯಿತು. ಇದನ್ನೂ ನಾಳೆ ಹೇಳಬೇಕು, ಬಿಡಬಾರದು.

ಇಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಬಂಗಾರಪೇಟೆಯ ಕೂಟಗಳಲ್ಲಿ ಭಾವನ ಸಾವನ್ನೇ ಪ್ರಸಂಗ ಮಾಡಿದೆ. ಕ್ಯಾಥೊಲಿಕನಾಗಿದ್ದೂ ಕೊನೆಯಲ್ಲಿ ಎಲ್ಲವನ್ನೂ ಬಿಟ್ಟು ನಂಬಿಕೆಯೊಂದನ್ನೇ ಹಿಡಿದು ಸತ್ತವರು ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ಮನುಷ್ಯ ತನ್ನ ಕೆಲಸವನ್ನು ದೇವರ ಮುಂದೆ ಹೊತ್ತುಕೊಂಡು ಹೋಗಿ ತೋರಿಸಬಾರದು ಎಂದು ಬೋಧಿಸುವ ನಾನೇ, ಭಾವನ ಸಾವನ್ನೇ ನನ್ನ ಕೆಲಸವಾಗಿ ಹೊತ್ತುಕೊಂಡು ತಿರುಗಿದೆ. ಒಂದು ಸಲ ನೀನೂ ಕೂತು ಕೇಳುತ್ತಿದ್ದೆ. ತಲೆ ಎತ್ತಲಿಲ್ಲ.

ದೇವರಿಗೆ ನೇರವಾಗಿ ಹೇಳಿಕೊಂಡಿದ್ದೇನೆ. ಲೆಕ್ಕವಿಲ್ಲದಷ್ಟು ಸಲ. ನನ್ನ ಬೋಧನೆಯ ಪ್ರಕಾರ ನಂಬಿದ ಗಳಿಗೆಯಲ್ಲೇ ನನಗೆ ಕ್ಷಮೆಯಾಗಿದೆ. ಆ ಬೋಧನೆ ಸುಳ್ಳು ಎಂದು ಇವತ್ತೂ ನಾನು ಹೇಳುವುದಿಲ್ಲ, ಈಗಲೂ ಅದನ್ನೇ ನಂಬುತ್ತೇನೆ. ಆದರೆ ನಂಬಿಕೆ ಇದ್ದವನು ಅಕ್ಕನ ಮುಂದೆ ಬಾಯಿ ಬಿಡಲು ಇಷ್ಟು ವರ್ಷ ಹೆದರುತ್ತಾನೆಯೇ? ಹಾಗಾದರೆ ನನ್ನಲ್ಲಿ ಇರುವುದು ಏನು? ಇಲ್ಲಿಗೆ ಬಂದರೆ ಮುಂದೆ ಯೋಚನೆ ಓಡುವುದಿಲ್ಲ.

ಕಾಲವೇನೋ ಬದಲಾಗಿದೆ. ಅವರ ಪೂಜೆ ಲ್ಯಾಟಿನ್ ಬಿಟ್ಟು ನಮ್ಮ ಮಾತಿಗೆ ಬಂದಿದೆ. ಹೋದ ಕ್ರಿಸ್ಮಸ್‌ನಲ್ಲಿ ನಮ್ಮ ಅಯ್ಯನವರೂ ಅವರ ಹೊಸ ಸ್ವಾಮಿಗಳೂ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿದರು. ಎಲ್ಲರೂ ಹತ್ತಿರವಾಗುತ್ತಿದ್ದಾರೆ, ನೀನೊಬ್ಬಳು ಆಗಲಾರೆ. ನಿನಗೂ ಅವರಿಗೂ ನಡುವೆ ಅಡ್ಡ ಕೂತಿರುವುದು ಯಾವ ಸಿದ್ಧಾಂತವೂ ಅಲ್ಲ, ನಾನು ಆಡಿದ ಮಾತು.

ನಾಳೆ ಬೆಳಗಿನ ಗಾಡಿಗೆ ಬರುತ್ತೇನೆ. ಅಂತೋಣಿಯ ಅಪ್ಪ ಅಮ್ಮ ಬಂದು ಕೂತ ಮೇಲೆ, ನೀನು ಬಾಯಿ ತೆರೆಯುವ ಮೊದಲು, ಅವರೆಲ್ಲರ ಎದುರಿಗೇ ಹೇಳುತ್ತೇನೆ. ನಿನಗೊಬ್ಬಳಿಗೇ ಹೇಳಿದರೆ ತಮ್ಮನೆಂದು ನೀನು ಮುಚ್ಚಿಹಾಕೀಯೆ. ರೂತ್ ಕೇಳಬೇಕು, ಅವಳ ಅಪ್ಪ ಹೇಗೆ ಹೋದರು ಎಂಬುದು ಅವಳಿಗೆ ಗೊತ್ತಾಗಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು.

ನನ್ನ ಮಾತು ಮುಗಿದ ಮೇಲೆ, ಏಳು, ಹೊರಗೆ ನಡಿ ಎಂದರೆ ಎದ್ದು ಹೋಗುತ್ತೇನೆ. ಇನ್ನೆಂದೂ ಆ ಹೊಸಿಲು ತುಳಿಯಬೇಡ ಎಂದರೂ ಸರಿ. ನನ್ನನ್ನು ಕಳಿಸು ಅಕ್ಕ. ಅವರನ್ನು ಕಳಿಸಬೇಡ.