ಗುಂಡಿಗೆ ಇಟ್ಟ ಸುಣ್ಣದ ಚುಕ್ಕೆ

ಸವಣೂರಿನವರು ಎಲೆಗೆ ಹಚ್ಚುವ ಸುಣ್ಣವನ್ನು ನಾವು ಒಮ್ಮೆ ಸಿಂಥಸೈಜರಿಗೆ ಹಚ್ಚಿದ್ದೆವು. ಕೇಳಿದವರು ಮೊದಲು ನಗುತ್ತಾರೆ. ನಗಲಿ. ನನಗೆ ಮಾತ್ರ ಆ ಚುಕ್ಕೆಗಳು ಇವತ್ತಿಗೂ ಮರೆತಿಲ್ಲ.

ಅಪ್ಪ ಎಲೆಬಳ್ಳಿಯ ತೋಟದಲ್ಲಿ ದುಡಿಯುತ್ತಿದ್ದ. ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ. ಹಾರ್ಮೋನಿಯಂ ಅಪ್ಪನದು. ಹಳೆಯ ಪೇಟಿ, ಸ್ವರ ಬಲು ಚೂಪು. ‘ಸುರ ಕಿವ್ಯಾಗ ಚುಚ್ಚಬಾರದು, ಕುಂದ್ರಬೇಕು’ ಎಂದು ಅಪ್ಪ ಕಂಬಳಿಯ ತುಂಡೊಂದನ್ನು ಮುಚ್ಚಳದ ಒಳಗೆ ಅಂಟಿಸಿದ್ದ. ಅಂದಿನಿಂದ ಅದರ ದನಿ ದಪ್ಪಗೆ, ಬೆಚ್ಚಗೆ ಬರುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡ. ಪೇಟಿಯನ್ನು ಅಟ್ಟಕ್ಕೆ ಏರಿಸಿದೆವು, ಮುಟ್ಟುವ ಮನಸ್ಸು ಯಾರಿಗೂ ಇರಲಿಲ್ಲ. ಮನಸ್ಸು ಬಂದು ಇಳಿಸಿದಾಗ ಗೆದ್ದಲು ಅದನ್ನು ತಿಂದು ಮುಗಿಸಿತ್ತು. ಅಪ್ಪ ಬಾರಿಸಿದ್ದನ್ನು ಯಾರೂ ಟೇಪು ಮಾಡಿಕೊಂಡಿರಲಿಲ್ಲ.

ನಾನು ಮದುವೆ ಆರ್ಕೆಸ್ಟ್ರಾ ಸೇರಿದೆ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಎಲ್ಲಿ ಹಂದರ ಹಾಕಿದರೆ ಅಲ್ಲಿ ನಾವು. ಎಂಬತ್ತರ ದಶಕದ ನಡುವೆ ಹುಬ್ಬಳ್ಳಿಯಲ್ಲಿ ಒಬ್ಬರು ಬಳಸಿ ಬಿಟ್ಟಿದ್ದ ಸಿಂಥಸೈಜರು, ಅಂದರೆ ಕರೆಂಟಿನ ಪೇಟಿ, ನನ್ನ ಪಾಲಿಗೆ ಬಂತು. ಕಪ್ಪು ಹಲಗೆ, ಅದರ ತುಂಬ ತಿರುಗಿಸುವ ಗುಂಡಿಗಳು. ಅದರಲ್ಲಿ ಎರಡು ಗುಂಡಿ ದನಿ ಸೋಸುವ ಫಿಲ್ಟರಿನವು. ಒಂದನ್ನು ಬಲಕ್ಕೆ ತಿರುಗಿಸಿದರೆ ದನಿಯ ಚೂಪೆಲ್ಲ ಹೊರಗೆ ಬರುತ್ತದೆ, ಎಡಕ್ಕೆ ತಿರುಗಿಸಿದರೆ ಮೊಂಡಾಗುತ್ತದೆ. ಇನ್ನೊಂದು ಗುಂಡಿ ದನಿಗೆ ಮೂಗು ಕೊಡುತ್ತದೆ, ಮೂಗಿನಿಂದ ಹಾಡಿದ ಹಾಗೆ. ಮಾರಿದವರು ಮೊದಲನೆಯ ಗುಂಡಿಯನ್ನು ಎಡಕ್ಕೆ ತಿರುವಿ ತೋರಿಸುತ್ತ, ‘ಇತ್ತಾಗ ತಿರುವಿದ್ರ ದನಿಗೆ ಕಂಬಳಿ ಹೊಚ್ಚಿಧಂಗ ನೋಡ್ರಿ’ ಎಂದರು. ಅವರು ಏನೋ ಹೋಲಿಕೆಗೆ ಹೇಳಿದ್ದು. ನನಗೆ ಅಪ್ಪನ ಕಂಬಳಿ ನೆನಪಾಯಿತು. ಅಪ್ಪನ ಪೇಟಿ ಇದರೊಳಗೆ ಎಲ್ಲೋ ಇದೆ, ಹುಡುಕಿದರೆ ಸಿಗುತ್ತದೆ ಅನ್ನಿಸಿಬಿಟ್ಟಿತು.

ಹುಡುಕಿದೆ. ಒಂದು ಕೂದಲೆಳೆಯಷ್ಟು ಬಲಕ್ಕೆ ಹೋದರೆ ತಗಡು, ಎಡಕ್ಕೆ ಹೋದರೆ ನೆಗಡಿ ಹಿಡಿದ ಮನುಷ್ಯ. ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಹೋಯಿತು. ಅಷ್ಟರಲ್ಲಿ ಪಂಚಮಿಗೆ ಅಕ್ಕ ಮಾಸೂರಿನಿಂದ ತವರಿಗೆ ಬಂದಳು. ಭಜನೆಯಲ್ಲಿ ಅಪ್ಪನ ಮಗ್ಗುಲಲ್ಲೇ ಕೂತು ತಾಳ ಹಾಕಿ ಬೆಳೆದವಳು ಆಕೆ. ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಳು. ನಾನು ಒಂದೇ ಸ್ವರ ಹಿಡಿದು ಗುಂಡಿ ತಿರುಗಿಸುತ್ತ ಹೋದೆ.

‘ಇನ್ನ ಸ್ವಲ್ಪ ಕಡಿಮಿ ಮಾಡೋ ತಮ್ಮಾ. ಇನ್ನ ಸ್ವಲ್ಪ. ಏ, ಭಾಳ ಆತು, ಹಿಂದಕ ಬಾ. ಮೂಗಿಂದ ಸ್ವಲ್ಪ ಕೊಡು. ನಿಂದ್ರು! ನಿಂದ್ರು, ಮುಟ್ಟಬ್ಯಾಡ!’

ಅಕ್ಕನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನನಗೂ ಕೇಳಿತು. ಅಪ್ಪ ಕಂಬಳಿಯ ಆ ಕಡೆ ಕೂತು ಬಾರಿಸಿದ ಹಾಗೇ ಇತ್ತು.

ಆ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ, ಗುಂಡಿ ಎಲ್ಲಿ ನಿಂತಿದೆಯೋ ಅದೇ ಅದರ ನೆನಪು. ಮರುದಿನದ ಮದುವೆಗೆ ಗುಂಡಿ ತಿರುಗಿಸಲೇಬೇಕು. ಅದಕ್ಕೆ ಅಕ್ಕ ಎಲೆಯಡಿಕೆ ಚಂಚಿಯಿಂದ ಸುಣ್ಣ ತೆಗೆದು ಎರಡೂ ಗುಂಡಿಗಳ ಅಂಚಿಗೆ, ಎದುರಿನ ಹಲಗೆಗೆ ಒಂದೊಂದು ಚುಕ್ಕೆ ಇಟ್ಟಳು. ಚುಕ್ಕೆಗೆ ಚುಕ್ಕೆ ಸೇರಿಸಿದರೆ ಅಪ್ಪ. ಒಳಗೆ ಒಲೆಯ ಮುಂದಿದ್ದ ಅವ್ವನಿಗೆ ಇದನ್ನು ಹೇಳಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎರಡು ತಿಂಗಳು ಪ್ರತಿ ಶನಿವಾರ ಸಂಜೆ ಹಾಗೆ ಸೇರಿಸಿ ಬಾರಿಸಿದೆ. ಅಷ್ಟು ಸುಖವಾಗಿ ನಾನು ಆಮೇಲೆ ಎಂದೂ ಇರಲಿಲ್ಲ.

ಮಹಾನವಮಿ ಬಂತು. ಆವತ್ತು ಕೆಲಸದ ಸಾಮಾನುಗಳಿಗೆಲ್ಲ ಪೂಜೆ. ನಾನು ಬಜಾರಿನಿಂದ ಚೆಂಡುಹೂ ತರುವಷ್ಟರಲ್ಲಿ ಅವ್ವ ಕುಡಗೋಲು, ಈಳಿಗೆಮಣೆಯ ಸಾಲಿನಲ್ಲಿ ಸಿಂಥಸೈಜರನ್ನೂ ದೇವರ ಮುಂದೆ ಇಟ್ಟಿದ್ದಳು. ಹಸಿ ಅರಿವೆಯಿಂದ ಗುಂಡಿ ಗುಂಡಿಯನ್ನೂ ತಿರುವಿ ತಿಕ್ಕಿ ಮಿರಿಮಿರಿ ಮಿಂಚಿಸಿದ್ದಳು. ಚುಕ್ಕೆ ಇದ್ದಲ್ಲಿ ಅರಿಶಿನ, ಕುಂಕುಮ.

‘ಸುಣ್ಣ ಬಡದಿತ್ತಪಾ. ದೇವರ ಮುಂದ ಇಡೂ ಸಾಮಾನು, ಚೊಕ್ಕ ಒರಸೇನಿ ನೋಡು’ ಎಂದಳು ಹೆಮ್ಮೆಯಿಂದ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ‘ಅಪ್ಪನ್ನ ಒರಸಿಬಿಟ್ಟೆಲ್ಲಬೇ!’ ಎಂದು ಚೀರಿದೆ.

ಗಂಡನನ್ನು ಕಳಕೊಂಡವಳ ಮುಂದೆ ಒರೆಸುವ ಮಾತು ಆಡಬಾರದು ಎಂಬ ಬುದ್ಧಿ ಮಾತು ಬಾಯಿಂದ ಬಿದ್ದ ಮೇಲೆ ಬಂತು. ಅವ್ವನ ಕೈ ತಾನಾಗಿ ಬರಿಯ ಹಣೆಗೆ ಹೋಯಿತು. ಎದ್ದು ಒಳಗೆ ಹೋದಳು. ಅವತ್ತಿನಿಂದ ನಾನು ಬಾರಿಸಲು ಕೂತಾಗ ಆಕೆ ಪಡಸಾಲೆಗೆ ಕಾಲಿಡಲಿಲ್ಲ. ತಪ್ಪಾಯಿತು ಎಂದು ಒಂದು ಮಾತು ಹೇಳಬೇಕಿತ್ತು. ಗಂಡಸಿನ ಗತ್ತು, ಹೇಳಲಿಲ್ಲ.

ಬದಲಿಗೆ ದನಿಯನ್ನೇ ಮತ್ತೆ ಹುಡುಕಿ ಆಕೆಯ ಮುಂದೆ ಇಡುತ್ತೇನೆ ಎಂದುಕೊಂಡೆ. ಸಿಗಲಿಲ್ಲ. ಅಕ್ಕ ತವರಿಗೆ ಬರುವುದು ವರ್ಷಕ್ಕೊಮ್ಮೆ, ಹತ್ತು ತಿಂಗಳು ದಾರಿ ಕಾದೆ. ಮತ್ತೆ ಪಂಚಮಿ. ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಗೆ ಅಕ್ಕ ಬಂದಳು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಅದೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ತಿರುಗಿಸಿದೆ, ತಿರುಗಿಸಿದೆ. ಬಹಳ ಹೊತ್ತಿನ ಮೇಲೆ ಆಕೆ ಕಣ್ಣು ತೆರೆದಳು.

‘ಇದೂ ಅಪ್ಪಂದ ಅನಸತೈತಿ, ಅದೂ ಅಪ್ಪಂದ ಅನಸತೈತಿ. ನನಗೂ ನೆನಪು ಹಾರೇತೋ ತಮ್ಮಾ.’

ಅಪ್ಪ ಎರಡನೇ ಸಲ ಹೋದದ್ದು ಆ ಮಾತಿನಲ್ಲಿ. ನಾವಿಬ್ಬರೂ ತಲೆ ತಗ್ಗಿಸಿ ಕೂತಿದ್ದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮಾಸೂರಿನ ಅಕ್ಕನಿಗಾಗಿ ಅಷ್ಟು ದಿನ ಕಾದ ನಾನು ಮನೆಯಲ್ಲೇ ಇದ್ದ ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ.

‘ಯವ್ವಾ, ಅವತ್ತ ನಾ ಹಂಗ ಅನಬಾರದಿತ್ತು’ ಎಂದೆ. ‘ಅಪ್ಪನ ಪೇಟಿ ನಿನಗ ಹೆಂಗ ಕೇಳತಿತ್ತು?’

‘ನಾ ಎಂದ ನಿಮ್ಮಂಗ ಹೊರಗ ಕುಂತು ಕೇಳೇನಿ? ಭಜನಿ ಮಂದಿಗೆ ಹೊಗಿ ಬಡೀತೈತಂತ ಬಾಗಲಾ ಹಾಕ್ಕೊಂಡು ರೊಟ್ಟಿ ಬಡೀತಿದ್ದೆ. ಬಾಗಲದಾಗಿಂದ ಬಂದಷ್ಟ ನನಗ. ನೀ ಆ ಗುಂಡಿ ಗಿಂಡಿ ಬಿಡು, ಹೆಂಗರ ಇರಲಿ, ಬಾರಸು. ನಾ ಒಳಗ ಹೊಕ್ಕೇನಿ.’

ಬಾಗಿಲು ಹಾಕಿಕೊಂಡಳು. ನಾನು ಫಿಲ್ಟರನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟೆ, ದನಿಯನ್ನು ಮೊಂಡು ಮಾಡುವ ಕೆಲಸ ಬಾಗಿಲೇ ಮಾಡಲಿ ಎಂದು. ಚೂಪು ದನಿ ಪಡಸಾಲೆ ತುಂಬ ಹರಡಿತು. ಅಕ್ಕ ಕಿವಿಗೆ ಸೆರಗು ಒತ್ತಿಕೊಂಡಳು. ಅದರಲ್ಲಿ ಅಪ್ಪನದು ಏನೂ ಇರಲಿಲ್ಲ. ಆದರೂ ಅಪ್ಪ ಶನಿವಾರ ಮಂಗಳಕ್ಕೆ ಮೊದಲು ಬಾರಿಸುತ್ತಿದ್ದ ಧಾಟಿಯನ್ನು ಕೊನೆಯವರೆಗೆ ಬಾರಿಸಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮೊದಲು ನಿಧಾನವಾಯಿತು, ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು.

ಅಕ್ಕ ಓಡಿ ಹೋಗಿ ಬಾಗಿಲು ತೆಗೆದಳು. ಹಂಚಿನ ಮೇಲೆ ರೊಟ್ಟಿ ಕಪ್ಪಗೆ ಹೊತ್ತಿತ್ತು. ಅವ್ವ ಒಲೆಯ ಮುಂದೆ ಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದಳು. ಅವ್ವನ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾವು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

‘ಬಾಗಲಾ ಹಾಕು’ ಎಂದಳು ಅಕ್ಕನಿಗೆ. ‘ಇನ್ನೊಂದು ಸಲ ಬಾರಸಂತ ಹೇಳು ಅವಂಗ.’

ಅಕ್ಕ ಒಳಗೇ ಉಳಿದು ಬಾಗಿಲು ಹಾಕಿಕೊಂಡಳು. ಒಳಗೆ ಹೋಗಿ ಅವರಿಬ್ಬರ ನಡುವೆ ಕೂತು ನಾನೂ ಅಪ್ಪನನ್ನು ಕೇಳಬೇಕು ಎಂದು ಜೀವ ಒದ್ದಾಡಿತು. ಆದರೆ ನಾನು ಎದ್ದರೆ ಬಾರಿಸುವವರು ಯಾರೂ ಇರಲಿಲ್ಲ.