ಹಳ್ಳದ ದಂಡೆಯ ರಾಮಪತ್ರೆ

ಕಳಸದ ಕಡೆಯ ನಮ್ಮ ಊರಿನಲ್ಲಿ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕಾಡೆಂದು ಕರೆಯಬಹುದಾದದ್ದು ಒಂದು ಹಳ್ಳದ ದಂಡೆಯಲ್ಲಿ ಮಾತ್ರ ಉಳಿದಿತ್ತು. ಸುತ್ತಲೂ ಕಾಫಿ, ಕಾಫಿಯ ಮೇಲೆ ಸಾಲು ಸಾಲು ಸಿಲ್ವರ್ ಓಕ್. ನಡುವೆ ದ್ವೀಪದಂತೆ ಆ ತುಂಡು ಕಾಡು. ಅದು ಪಕ್ಕದ ತೋಟದವರದು. ರಕ್ತಸಂಬಂಧವಿಲ್ಲದಿದ್ದರೂ ಅವರನ್ನು ನಾನು ಚಿಕ್ಕಪ್ಪ ಎನ್ನುತ್ತಿದ್ದೆ. ಅಲ್ಲಿ ಜಾಯಿಕಾಯಿಯ ಕಾಡು ಬಂಧುವಾದ ರಾಮಪತ್ರೆಯ ಕೆಲವು ಮರಗಳಿದ್ದವು. ಕಾಯಿ ಬಿಡುತ್ತಿದ್ದುದು ಒಂದೇ. ಬೀಜಕ್ಕೆ ಬಲೆಯಂತೆ ಸುತ್ತಿಕೊಂಡ ಕೆಂಪು ಪತ್ರೆಯನ್ನು ಬಿಡಿಸಿ, ಒಣಗಿಸಿ, ಅಂಗಡಿಗೆ ಕೊಡುತ್ತಿದ್ದರು. ಬೀಜ ಒಲೆಗೆ ಹೋಗುತ್ತಿತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳನ್ನು ಮುಗಿಸಿ ಊರಿಗೆ ಮರಳಿದ್ದ ನನಗೆ, ಸರಿಯಾದ ವಾದ ಯಾವ ಕೊಡಲಿಯನ್ನೂ ತಡೆದೀತೆಂಬ ನಂಬಿಕೆಯಿತ್ತು. ದಂಡೆಗೂ ಕಾಫಿ ಹಾಕುತ್ತಾರೆಂಬ ಸುದ್ದಿ ಕೇಳಿ ಚಿಕ್ಕಪ್ಪನ ಜಗಲಿಗೆ ಹೋದೆ. ಪಶ್ಚಿಮಘಟ್ಟದ ಹೊರಗೆಲ್ಲೂ ಈ ಮರ ತಾನಾಗಿ ಬೆಳೆಯುವುದಿಲ್ಲ, ಅಳಿವಿನ ಭೀತಿಯಲ್ಲಿರುವ ಸಸ್ಯಗಳಲ್ಲಿ ಇದೂ ಒಂದು, ಹೊಸ ಸಸಿ ಏಳದಿದ್ದರೆ ನಮ್ಮ ಹಳ್ಳದಲ್ಲಿ ಇದರ ವಂಶವೇ ನಿಲ್ಲುತ್ತದೆ ಎಂದೆಲ್ಲ ವಾದಿಸಿದೆ. ಮುಂದಿನ ಬೀಜವನ್ನೆಲ್ಲ ಸಸಿ ಮಾಡಲು ನನಗೆ ಕೊಡಿ ಎಂದು ಬೇಡಿದೆ.

"ಸಾಕು ಮಾರಾಯ, ಕೋರ್ಟಲ್ಲಿ ನಿಂತೋರ ತರ ಮಾತಾಡ್ಬೇಡ," ಎಂದು ಚಿಕ್ಕಪ್ಪ ನಕ್ಕರು. "ಕಾಫಿ ಹಾಕಲ್ಲ. ಬೀಜ ಎಲ್ಲ ನಿಂಗೇ. ಆಯ್ತಾ?"

"ಮಾತು ತಪ್ಪಬಾರ್ದು ಚಿಕ್ಕಪ್ಪ."

"ತಪ್ಪೋದಕ್ಕೆ ನಾನೇನು ಎಲೆಕ್ಷನ್ನಿಗೆ ನಿಂತಿದೀನಾ?"

ಅವರು ಮಾತು ತಪ್ಪಲಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಶುರುವಾಯಿತು. ನೆರಳಿನ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡಿಸುವ ಆ ಕೆಲಸಕ್ಕೆ ಬಂದ ಆಳುಗಳನ್ನು ಚಿಕ್ಕಪ್ಪ ಹಳ್ಳದ ದಂಡೆಗೂ ಕರೆದೊಯ್ದರು. ನಾನು ಹೋಗಿ ನೋಡುವಾಗ ಕಾಯಿಯ ಮರವೊಂದೇ ನಿಂತಿತ್ತು. ಉಳಿದ ರಾಮಪತ್ರೆಗಳ ಬೊಡ್ಡೆಗಳಿಂದ ಕೆಂಪು ರಸ ಒಸರುತ್ತಿತ್ತು.

"ಗೊಡ್ಡು ಮರ ಎಲ್ಲ ತೆಗ್ಸಿದೆ," ಎಂದರು ಹೆಮ್ಮೆಯಿಂದ. "ಇನ್ನು ನಿನ್ನ ಮರಕ್ಕೆ ಬಿಸಿಲು ಬೀಳುತ್ತೆ. ಕಾಯಿ ಹೆಂಗೆ ಹಿಡಿಯುತ್ತೆ ನೋಡ್ತಿರು."

ಸಂಕಟವಾಯಿತು, ಆದರೂ ಅವರ ಲೆಕ್ಕ ಸರಿಯೆನಿಸಿತು. ಫಲ ಕೊಡದ ಮರ ಫಲ ಕೊಡುವ ಮರದ ಬೆಳಕು ತಿನ್ನುತ್ತದೆ ಎಂಬುದು ತೋಟದಲ್ಲಿ ಹುಟ್ಟಿದ ನನಗೂ ಪಾಠವಾಗಿತ್ತು.

ಮುಂದಿನ ಸಲ ಮರ ಹೂ ಬಿಟ್ಟಿತು. ಹೂಗಳೆಲ್ಲ ಉದುರಿದವು. ಒಂದೂ ಕಾಯಿಯಿಲ್ಲ. ಮೂಡಿಗೆರೆಯಲ್ಲಿ ಪರಿಚಯದ ಸಸ್ಯಶಾಸ್ತ್ರದ ಮೇಷ್ಟರನ್ನು ಕೇಳಿದೆ.

"ರಾಮಪತ್ರೆಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ ಕಣ್ರೀ," ಎಂದರು. "ಗೊಡ್ಡು ಅಂತ ಕಡಿದಿದ್ದು ಗಂಡು ಮರಗಳನ್ನ."

ಜಗಲಿಯಲ್ಲಿ ಇದನ್ನು ಹೇಳಿದಾಗ ಚಿಕ್ಕಪ್ಪ ಮೊದಲು ನಕ್ಕರು. "ಮರದಲ್ಲೂ ಗಂಡು, ಹೆಣ್ಣಾ?" ನನ್ನ ಮುಖ ನೋಡಿ ನಗು ನಿಂತಿತು. ಒಳಗಿದ್ದ ಚಿಕ್ಕಮ್ಮನನ್ನು ಕೂಗಿ ಕೇಳಿದರು: "ಹಿತ್ತಿಲಲ್ಲಿ ಹಳೇ ಬೀಜ ಏನಾದ್ರೂ ಮೊಳೆತಿದ್ಯಾ ನೋಡೇ."

"ನೀವೇ ಅಲ್ವಾ ಚೆನ್ನಾಗಿ ಉರಿಯುತ್ತೆ ಅಂತ ಒಲೆಗೆ ಹಾಕ್ಸಿದ್ದು?"

ಚಿಕ್ಕಪ್ಪನೂ ನಾನೂ ಸುತ್ತಲಿನ ತೋಟಗಳನ್ನೆಲ್ಲ ಹುಡುಕಿದೆವು. ಇನ್ನೊಂದು ರಾಮಪತ್ರೆ ಸಿಗಲಿಲ್ಲ. ಕಡಿದ ಬೊಡ್ಡೆಗಳೂ ಚಿಗುರಲಿಲ್ಲ.

ವರ್ಷಗಳ ನಂತರ ಅಪರೂಪದ ಮರಗಳನ್ನು ಗುರುತಿಸುತ್ತ ಬಂದವರು ಹಳ್ಳದ ಆ ಒಂಟಿ ಮರವನ್ನು ನೋಡಿ ಸಂತೋಷಪಟ್ಟರು. ಇಷ್ಟು ಒಳ್ಳೆಯ ಬೆಳಕಿನಲ್ಲಿ, ಇಷ್ಟು ಸೊಂಪಾಗಿ ನಿಂತ ರಾಮಪತ್ರೆಯನ್ನು ಈಚೆಗೆ ಕಂಡಿಲ್ಲವೆಂದರು. ಒಂದು ಕಾಯಿಯಾದರೂ ಬಿದ್ದರೆ ಕಣ್ತಪ್ಪಬಾರದೆಂದು ಚಿಕ್ಕಪ್ಪ ಆ ವರ್ಷವೂ ಮರದ ಬುಡವನ್ನು ಗುಡಿಸಿಟ್ಟಿದ್ದರು.