ಹಾಡಿನೊಳಗಿನ ಮಳೆ

ಅಣ್ಣನ ಪ್ರಾಣವೆಲ್ಲ ಇದ್ದದ್ದು ಒಂದು ಹಾಡಿನಲ್ಲಿ. ಅಬ್ಬರದ ರಾಕ್ ಸಂಗೀತಕ್ಕೆ ಹೆವಿ ಮೆಟಲ್ ಎಂಬ ಹೆಸರೇ ಇನ್ನೂ ಸರಿಯಾಗಿ ಬಿದ್ದಿರದ ಕಾಲದ ಇಂಗ್ಲಿಷ್ ಹಾಡು. ಮೊದಲು ಮಳೆ ಸುರಿಯುವ ಸದ್ದು, ದೂರದಲ್ಲೊಂದು ಗಂಟೆ, ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ, ಹೆಣ ಹೊತ್ತವರ ಹೆಜ್ಜೆಯಷ್ಟು ನಿಧಾನ. ಹೆಗ್ಗನಹಳ್ಳಿಯ ಲೇತ್ ವರ್ಕ್‌ಶಾಪಿನಿಂದ ಬಂದವನು ಕೈಯ ಜಿಡ್ಡು ತೊಳೆಯುವ ಮೊದಲೇ ಅದನ್ನು ಹಾಕುತ್ತಿದ್ದ. "ಈಗಿನ ಬ್ಯಾಂಡ್‌ಗಳೆಲ್ಲ ಇದರ ಮಕ್ಕಳು ಮೊಮ್ಮಕ್ಕಳು ಕಣೋ" ಎನ್ನುತ್ತಿದ್ದ. ಭಾನುವಾರ ಅವನ ಹತ್ತಿರ ಗಿಟಾರ್ ಕಲಿಯಲು ಬರುತ್ತಿದ್ದ ಬ್ಯಾಡರಹಳ್ಳಿಯ ಹುಡುಗರಿಗೂ ಮೊದಲ ಪಾಠ ಆ ಮೂರು ಸ್ವರವೇ.

ಅದನ್ನು ಮೊದಲ ಸಲ ದೊಡ್ಡ ಸ್ಪೀಕರಿನಲ್ಲಿ ಹಾಕಿದ ದಿನ ಅಮ್ಮ ಒಲೆಯ ಮೇಲಿನ ಸಾರು ಬಿಟ್ಟು, "ಅಯ್ಯೋ, ಬಟ್ಟೆ!" ಎಂದು ಟೆರೇಸಿಗೆ ಓಡಿದಳು. ಮೇಲೆ ಸುಡುಬಿಸಿಲು. ಅಣ್ಣ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ಆಮೇಲೂ ಇಪ್ಪತ್ತು ವರ್ಷ, ಹಾಡು ಶುರುವಾದರೆ ಸಾಕು, ಅಮ್ಮ ಅರ್ಧ ಎದ್ದು, ನೆನಪಾಗಿ, "ನಿನ್ನ ಮಳೆಗಿಷ್ಟು ಬೆಂಕಿ ಹಾಕ" ಎಂದು ಬೈದು ಕೂರುತ್ತಿದ್ದಳು. ಅವನು ಪ್ರತಿ ಸಲವೂ ನಗುತ್ತಿದ್ದ.

ಕಳೆದ ವರ್ಷ ಒಂದು ಸಂಜೆ, ನನ್ನ ಮಗಳ ಪರೀಕ್ಷೆ ಇದೆಯೆಂದು ನಾನು ರೇಗಿ, ಹಾಡಿನ ಮಳೆ ನಿಲ್ಲುವ ಮೊದಲೇ ಸ್ಪೀಕರಿನ ಪ್ಲಗ್ ಕಿತ್ತೆ. "ಹೋಗ್ಲಿ ಬಿಡೋ, ನಾಳೆ ಕೇಳ್ತೀನಿ" ಅಂದ. ಮರುದಿನ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ಲಾರಿಯವನನ್ನು ಬೈಯಲು ನನಗೆ ಬಾಯಿದೆ. ಪ್ಲಗ್ ಕಿತ್ತ ಈ ಕೈಯನ್ನು ಏನು ಮಾಡಲಿ? ಅವನ ಕೊನೆಯ ಹಾಡನ್ನು ನಾನೇ ಕಿತ್ತುಕೊಂಡೆ.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಅವನ ಫೋಟೋ ಮುಂದೆ ಎಡೆ ಇಟ್ಟೆವು. ಮಟನ್ ಸಾರು, ವಡೆ, ಹೊಸ ಶರಟು, ಒಂದು ಕ್ವಾರ್ಟರ್ ರಮ್. ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು. ಸತ್ತವರು ಬಂದು ಉಣ್ಣುವ ಹೊತ್ತು ಅದು, ಸದ್ದು ಮಾಡಬಾರದು. ನಾನು ಎಲೆಯ ಪಕ್ಕ ಫೋನಿಟ್ಟು, ಆ ಹಾಡು ಹಾಕಿ, ಬಾಗಿಲು ಎಳೆದುಕೊಂಡು ಬಂದೆ.

ದೊಡ್ಡಪ್ಪ ಗುರಾಯಿಸಿದರು. "ಇದೇನೋ ಇದು? ಬಂದೋನು ಹೆದರ್ಕೊಂಡು ವಾಪಸ್ ಹೋಗ್ತಾನೆ!"

"ಅವತ್ತು ನಾನು ಕೇಳೋಕೆ ಬಿಡ್ಲಿಲ್ಲ. ಇವತ್ತಾದ್ರೂ ಕೇಳ್ಲಿ ಬಿಡಿ, ದೊಡ್ಡಪ್ಪ" ಅಂದೆ. ಅವರು ಬಾಗಿಲ ಕಡೆ ತಿರುಗಿ ಕೂತರು.

ಒಳಗೆ ಹಾಡಿನ ಮಳೆ ಸುರಿಯುತ್ತಿತ್ತು. ಗೋಡೆಗೊರಗಿ ಕೂತಿದ್ದ ಅಮ್ಮ ಮಂಡಿ ಹಿಡಿದುಕೊಂಡು ಎದ್ದು ಮೆಟ್ಟಿಲ ಕಡೆ ಹೊರಟಳು.

"ಎಲ್ಲಿಗಮ್ಮಾ?"

"ಬಟ್ಟೆ ತರ್ತೀನಿ."

"ಇವತ್ತು ಬಟ್ಟೆ ಒಗ್ದೇ ಇಲ್ವಲ್ಲಮ್ಮಾ."

"ಗೊತ್ತು ಕಣೋ. ನಾನು ಓಡಿದ್ರೆ ತಾನೆ ಅವನು ನಗೋದು."

ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದಳು. ನಾನು ಬಾಗಿಲಿಗೆ ಕಿವಿ ಕೊಟ್ಟು ಕೂತೆ. ಗಂಟೆ ಹೊಡೆಯಿತು, ಮೂರು ಸ್ವರ ಬಂದವು, ಹಾಡು ಪೂರ್ತಿ ಮುಗಿಯಿತು.

ಟೆರೇಸಿನಿಂದ ಅಮ್ಮ ಕೂಗಿ ಕೇಳಿದಳು, "ನಕ್ನೇನೋ?"

"ಹೂಂ ಕಣಮ್ಮಾ, ನಕ್ಕ" ಅಂದೆ.